ಬಾಯ್ಲರ್‌ನಿಂದ ಬಚ್ಚಲ ನಲ್ಲಿಗೆ ತಾಮ್ರದ ಪೈಪು: ಬಗ್ಗಿಸಲು ಯಾವ ಸಲಕರಣೆ, ಯಾಕೆ

ಕೆಲಸ ಮೂಡಿಗೆರೆ ಕಡೆಯ ಹಂಚಿನ ಮನೆಯೊಂದರದು. ಬಚ್ಚಲ ಗೋಡೆಯ ಆಚೆ ಸೌದೆ ಉರಿಸುವ ತಾಮ್ರದ ಬಾಯ್ಲರ್, ಈಚೆ ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ. ಮೊದಲು ಹಾಕಿದ್ದ ಸಿಪಿವಿಸಿ (ಬಿಸಿನೀರಿನ ಪ್ಲಾಸ್ಟಿಕ್) ಪೈಪು ಬಾಯ್ಲರ್ ಬಾಯಿಯಿಂದ ಒಂದಡಿ ದೂರದಲ್ಲೇ ಮೆತ್ತಗಾಗಿ ಜೋತುಬಿದ್ದಿತ್ತು. ಅದರಲ್ಲಿ ಪೈಪಿನ ತಪ್ಪಿಲ್ಲ. ಬಿಸಿನೀರಿನ ಸಿಪಿವಿಸಿ ತಡೆಯುವುದು 93 ಡಿಗ್ರಿವರೆಗೆ. ಚಿಕ್ಕಮಗಳೂರು, ಹಾಸನದ ಸುಮಾರು 1000 ಮೀಟರ್ ಎತ್ತರದಲ್ಲಿ ನೀರು 96–97 ಡಿಗ್ರಿಗೆ ಕುದಿಯುತ್ತದೆ. ಕಾಫಿ ಗಿಡದಿಂದ ಕತ್ತರಿಸಿ ತೆಗೆದ ಕಡ್ಡಿಯನ್ನು ಒಲೆಗೆ ತುಂಬಿಟ್ಟು ಹೋದರೆ ಅದನ್ನು ತಡೆದು ನಿಲ್ಲಿಸುವ ಥರ್ಮೋಸ್ಟಾಟ್ ಇಲ್ಲ. ಸೌದೆ ಬಾಯ್ಲರ್‌ನಿಂದ ಹೊರಡುವ ಲೈನು ತಾಮ್ರದ್ದೇ ಆಗಬೇಕು ಅನ್ನುವುದು ಇದಕ್ಕೆ.

ಲೈನು ಹೀಗಿದೆ. ಬಾಯ್ಲರ್ ತಲೆಯ ಮೇಲಿನ ಮುಕ್ಕಾಲು ಇಂಚಿನ ಬಾಯಿಂದ 22 ಮಿ.ಮೀ. ವೆಂಟ್ ಪೈಪು (ಹಬೆ ಹೊರಹೋಗಲು ಬಾಯಿ ತೆರೆದಿಟ್ಟ ಪೈಪು) ನೇರ ಮೇಲಕ್ಕೆ ಹೋಗಿ ಸೂರಿನ ಆಚೆ ಹೊರಬರುತ್ತದೆ. ಅದರ ಬುಡದಲ್ಲೇ ಒಂದು ಟೀ, ಅಂದರೆ ಮೂರು ಬಾಯಿಯ ಜೋಡಣೆ. ಟೀ ಪಕ್ಕದಿಂದ 15 ಮಿ.ಮೀ. ಪೈಪು 400 ಮಿ.ಮೀ. ಹೋಗಿ ಮೂಲೆಯಲ್ಲಿ ತಿರುಗುತ್ತದೆ, ಗೋಡೆಗುಂಟ 2700 ಮಿ.ಮೀ. ಸಾಗುತ್ತದೆ, ಅದರ ನಡುವೆ 65 ಮಿ.ಮೀ. ಮುಂದಕ್ಕೆ ಚಾಚಿರುವ ಕಂಬವನ್ನು ತಪ್ಪಿಸಿಕೊಳ್ಳುತ್ತದೆ, ಕೊನೆಗೆ 700 ಮಿ.ಮೀ. ಇಳಿದು ಮಿಕ್ಸರ್ ಸೇರುತ್ತದೆ. ಒಟ್ಟು ಎರಡು 90 ಡಿಗ್ರಿ ಬೆಂಡು, ಕಂಬದ ಬಳಿ ಎರಡು 30 ಡಿಗ್ರಿ ಬೆಂಡು, ವೆಂಟಿನ ತುದಿಯಲ್ಲಿ 180 ಡಿಗ್ರಿಯ ಒಂದು ಕೊಕ್ಕೆ.

ಇಷ್ಟಕ್ಕೂ ಎಲ್ಬೋ (ಸಿದ್ಧವಾಗಿ ಸಿಗುವ ಮೂಲೆಯ ತುಂಡು) ಹಾಕಿ ಮುಗಿಸಬಹುದಲ್ಲ ಎಂದರೆ, ಹಾಕಬಹುದು. ಆದರೆ ಒಂದೊಂದು ಎಲ್ಬೋಗೂ ಎರಡೆರಡು ಜೋಡಣೆ, ಅಂದರೆ ನಾಲ್ಕು ತಿರುವಿಗೆ ಎಂಟು ಕಡೆ ಸೋರುವ ಸಾಧ್ಯತೆ. ಟ್ಯಾಂಕು ಬಾಯ್ಲರ್‌ಗಿಂತ ಮೂರೇ ಮೀಟರ್ ಮೇಲಿದೆ. ನೀರು ತನ್ನ ಭಾರದಿಂದ ಇಳಿಯಬೇಕೇ ಹೊರತು ಪಂಪಿನ ಒತ್ತಡವಿಲ್ಲ. ಒಂದು ಚೂಪು ಎಲ್ಬೋ ಸುಮಾರು 30 ವ್ಯಾಸದಷ್ಟು, ಅಂದರೆ 15 ಮಿ.ಮೀ. ಪೈಪಿನಲ್ಲಿ ಹತ್ತಿರ ಹತ್ತಿರ ಅರ್ಧ ಮೀಟರ್ ನೇರ ಪೈಪಿನಷ್ಟು ತಡೆ ಕೊಡುತ್ತದೆ. ಅಗಲವಾಗಿ ಬಗ್ಗಿಸಿದ ಪೈಪಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಇನ್ನೊಂದು ಕಾರಣ ಹಿಗ್ಗುವಿಕೆ. 20 ಡಿಗ್ರಿಯಿಂದ 95 ಡಿಗ್ರಿಗೆ ಕಾದಾಗ 2700 ಮಿ.ಮೀ. ತಾಮ್ರ ಸುಮಾರು ಮೂರೂವರೆ ಮಿ.ಮೀ. ಉದ್ದವಾಗುತ್ತದೆ. ಬೆಂಡು ಅದನ್ನು ನುಂಗಿಕೊಳ್ಳುತ್ತದೆ, ಬೆಸುಗೆಯ ಎಲ್ಬೋ ದಿನಾ ಬೆಳಿಗ್ಗೆ ಅದರ ಎಳೆತ ತಿನ್ನುತ್ತದೆ.

ಮೊದಲು ಪೈಪು, ಆಮೇಲೆ ಬೆಂಡರ್

ಸಲಕರಣೆ ಆರಿಸುವಾಗ ಆಗುವ ತಪ್ಪುಗಳಲ್ಲಿ ದೊಡ್ಡದು ಬೆಂಡರನ್ನು, ಅಂದರೆ ಪೈಪನ್ನು ತೋಡಿರುವ ಚಕ್ರಕ್ಕೆ ಒತ್ತಿ ಬಗ್ಗಿಸುವ ಸಲಕರಣೆಯನ್ನು, ಮೊದಲು ಕೊಳ್ಳುವುದು. ಪೈಪಿನ ಹೊರವ್ಯಾಸ, ಗೋಡೆಯ ದಪ್ಪ, ಗಡಸುತನ, ಈ ಮೂರು ಗೊತ್ತಾಗದೆ ಬೆಂಡರ್ ಆರಿಸಲು ಬರುವುದಿಲ್ಲ.

ನಮ್ಮ ಊರುಗಳಲ್ಲಿ ತಾಮ್ರದ ಪೈಪು ಸುಲಭವಾಗಿ ಸಿಗುವುದು ಎ.ಸಿ., ಫ್ರಿಜ್ ಸಾಮಾನಿನ ಅಂಗಡಿಯಲ್ಲಿ. ಅದು ಇಂಚಿನ ಲೆಕ್ಕ, ಇಂಚು ಹೇಳುವುದು ಹೊರವ್ಯಾಸವನ್ನು. ಅರ್ಧ ಇಂಚು ಅಂದರೆ 12.7 ಮಿ.ಮೀ., ಐದು ಎಂಟಾಂಶ ಅಂದರೆ 15.88, ಮುಕ್ಕಾಲು ಅಂದರೆ 19.05, ಏಳು ಎಂಟಾಂಶ ಅಂದರೆ 22.2. ನೀರಿನ ಲೈನಿಗೆ, ಗ್ಯಾಸ್ ಲೈನಿಗೆ ಬರುವ ನೇರ ತುಂಡುಗಳು ಮಿ.ಮೀ. ಲೆಕ್ಕದವು: 15, 22, 28. ಐದು ಎಂಟಾಂಶವೂ 15 ಮಿ.ಮೀ.ಯೂ ಕಣ್ಣಿಗೆ ಒಂದೇ. ವರ್ನಿಯರ್ ಇಟ್ಟರೆ 0.88 ಮಿ.ಮೀ. ವ್ಯತ್ಯಾಸ. ಐದು ಎಂಟಾಂಶದ ಬೆಂಡರಿನಲ್ಲಿ 15 ಮಿ.ಮೀ. ಪೈಪು ಕೂರಿಸಿದರೆ ತೋಡಿನ ಎರಡೂ ಕಡೆ ಸಂದು ಉಳಿಯುತ್ತದೆ, ಬಗ್ಗುವಾಗ ಪೈಪು ಆ ಸಂದಿನೊಳಕ್ಕೆ ಅಗಲವಾಗಿ ಚಪ್ಪಟೆಯಾಗುತ್ತದೆ. ತಿರುವುಮುರುವು ಮಾಡಿದರೆ ಪೈಪು ತೋಡಿನೊಳಕ್ಕೆ ಇಳಿಯುವುದೇ ಇಲ್ಲ, ಅಂಚು ಕಚ್ಚಿ ಉದ್ದಕ್ಕೂ ಎರಡು ಗೀರು ಬೀಳುತ್ತದೆ. ಅಳೆಯದೆ ತಂದ ಬೆಂಡರ್ ಕೆಲಸಕ್ಕೆ ಬಾರದಿರಲು ಮುಕ್ಕಾಲು ಪಾಲು ಕಾರಣ ಇದೇ.

ಎ.ಸಿ. ಪೈಪನ್ನೇ ನೀರಿಗೂ ಹಾಕುವವರು ಇನ್ನೊಂದು ಮಾತು ತಿಳಿದಿರಬೇಕು. ಆ ಪೈಪಿಗೆ ಸಿಗುವ ಅರ್ಧ ಇಂಚಿನ ಫ್ಲೇರ್ ನಟ್ಟಿನ (ಪೈಪಿನ ಬಾಯಿ ಅಗಲಿಸಿ ಬಿಗಿಯುವ ನಟ್ಟಿನ) ಥ್ರೆಡ್ಡೇ ಬೇರೆ, ನಲ್ಲಿಯ ಅರ್ಧ ಇಂಚಿನ ಥ್ರೆಡ್ಡೇ ಬೇರೆ. ನಟ್ಟು ಕೂರುವ ಥ್ರೆಡ್ಡು 19.05 ಮಿ.ಮೀ., ಇಂಚಿಗೆ 16 ಸುತ್ತು. ನಲ್ಲಿಯದು ಸುಮಾರು 20.96 ಮಿ.ಮೀ., ಇಂಚಿಗೆ 14 ಸುತ್ತು. ಟೆಫ್ಲಾನ್ ಟೇಪ್ ಸುತ್ತಿ ತಿರುಗಿಸಿದರೆ ಇವು ಒಂದಾಗುವುದಿಲ್ಲ.

ಗೋಡೆಯ ದಪ್ಪಕ್ಕೆ ತಕ್ಕಡಿಯೇ ಒಳ್ಳೆಯ ಗೇಜು. 15 ಮಿ.ಮೀ. ಪೈಪು 0.7 ಮಿ.ಮೀ. ದಪ್ಪದ್ದಾದರೆ ಮೂರು ಮೀಟರಿಗೆ ಸುಮಾರು 840 ಗ್ರಾಂ, 1 ಮಿ.ಮೀ. ದಪ್ಪದ್ದಾದರೆ ಸುಮಾರು 1180 ಗ್ರಾಂ ತೂಗುತ್ತದೆ. ಈ ವ್ಯತ್ಯಾಸ ಸ್ಪ್ರಿಂಗ್ ಕೊಳ್ಳುವಾಗ ಮುಖ್ಯ. ಒಳಗೆ ತೂರಿಸುವ 15 ಮಿ.ಮೀ. ಸ್ಪ್ರಿಂಗ್‌ಗಳಲ್ಲಿ ಹೆಚ್ಚಿನವು 0.7 ಗೋಡೆಯ ಪೈಪಿಗೆ, ಅಂದರೆ 13.6 ಮಿ.ಮೀ. ಒಳವ್ಯಾಸಕ್ಕೆ ಮಾಡಿದವು. 1 ಮಿ.ಮೀ. ಗೋಡೆಯ ಪೈಪಿನ ಒಳವ್ಯಾಸ 13. ಅಲ್ಲಿ ಸ್ಪ್ರಿಂಗ್ ಹೊಕ್ಕುವುದೇ ಇಲ್ಲ, ತುರುಕಿದರೆ ಮತ್ತೆ ಹೊರಗೆ ಬರುವುದಿಲ್ಲ.

ಗಡಸುತನದಲ್ಲಿ ಮೂರು ದರ್ಜೆ. ಸುರುಳಿಯಾಗಿ ಬರುವುದು ಮೆತ್ತನೆಯದು, ಆರ್220. ನೇರ ತುಂಡು ಸಾಮಾನ್ಯವಾಗಿ ಅರೆಗಡಸು, ಆರ್250. ಪೂರ್ತಿ ಗಡಸಿನದು ಆರ್290. ಈ ಗುರುತು ಪೈಪಿನ ಮೈಮೇಲೆ ಅಚ್ಚಾಗಿರುತ್ತದೆ. ಅಚ್ಚು ಅಳಿಸಿದ್ದರೆ ಒಂದು ತುಂಡನ್ನು ಸಿಮೆಂಟ್ ನೆಲದ ಮೇಲೆ ಬೀಳಿಸಿ ಕೇಳಿ: ಗಡಸಿನದು ಗಂಟೆಯ ಹಾಗೆ ನಾದ ಬಿಡುತ್ತದೆ, ಮೆತ್ತನೆಯದು ಮಂಕಾಗಿ ಸದ್ದು ಮಾಡಿ ಸುಮ್ಮನಾಗುತ್ತದೆ. ಪೂರ್ತಿ ಗಡಸಿನದನ್ನು ಕಾಯಿಸಿ ಮೆತ್ತಗೆ ಮಾಡದೆ ಬಗ್ಗಿಸಲು ಹೋಗಬಾರದು, ಯಾವ ಬೆಂಡರ್ ಇದ್ದರೂ ಸರಿ.

ಈ ಕೆಲಸಕ್ಕೆ ತಂದದ್ದು: 15 ಮಿ.ಮೀ., 0.7 ಗೋಡೆಯ ಅರೆಗಡಸು ಪೈಪು, ಮೂರು ಮೀಟರಿನ ಎರಡು ತುಂಡು. 22 ಮಿ.ಮೀ., 0.9 ಗೋಡೆಯದು ಒಂದೂವರೆ ತುಂಡು. ಒಂದು 22-22-15 ಕಂಪ್ರೆಷನ್ ಟೀ (ಬೆಸುಗೆಯಿಲ್ಲದೆ ಉಂಗುರ, ನಟ್ಟು ಬಿಗಿದು ಕೂರಿಸುವಂಥದ್ದು), ಬಾಯ್ಲರ್ ಬಾಯಿಗೆ ಮುಕ್ಕಾಲು ಇಂಚಿನಿಂದ 22ಕ್ಕೆ ಹಿತ್ತಾಳೆ ಅಡಾಪ್ಟರ್, ಮಿಕ್ಸರ್ ತುದಿಗೆ 15ರಿಂದ ಅರ್ಧ ಇಂಚಿಗೆ ಇನ್ನೊಂದು, 15 ಮತ್ತು 22ರ ಬೆಸುಗೆ ಕಪ್ಲಿಂಗ್ ಒಂದೊಂದು, ಎಂಟು ಕ್ಲಿಪ್ಪು.

ಬಗ್ಗುವಾಗ ಪೈಪಿನೊಳಗೆ ಏನಾಗುತ್ತದೆ

ಸಲಕರಣೆಗಳ ನಡುವಿನ ವ್ಯತ್ಯಾಸವೆಲ್ಲ ಇದರಲ್ಲಿದೆ, ಆದ್ದರಿಂದ ಒಂದು ಬೆಂಡನ್ನು ಹತ್ತಿರದಿಂದ ನೋಡೋಣ. 15 ಮಿ.ಮೀ. ಪೈಪನ್ನು ನಡುಗೆರೆಯ (ಪೈಪಿನ ಸರಿಮಧ್ಯದಲ್ಲಿ ಉದ್ದಕ್ಕೂ ಓಡುವ ಗೆರೆಯ) ಲೆಕ್ಕದಲ್ಲಿ 60 ಮಿ.ಮೀ. ತ್ರಿಜ್ಯಕ್ಕೆ 90 ಡಿಗ್ರಿ ಬಗ್ಗಿಸಿದರೆ, ನಡುಗೆರೆಯ ಉದ್ದ 94 ಮಿ.ಮೀ. ಹೊರಮೈ 67.5 ತ್ರಿಜ್ಯದಲ್ಲಿ ಓಡುವುದರಿಂದ ಅದು 106 ಮಿ.ಮೀ. ಆಗಬೇಕು, ಒಳಮೈ 52.5 ತ್ರಿಜ್ಯದಲ್ಲಿ 82 ಮಿ.ಮೀ.ಗೆ ಕುಗ್ಗಬೇಕು. ಅಂದರೆ ಬೆನ್ನಿನ ಕಡೆ ತಾಮ್ರ 12 ಮಿ.ಮೀ. ಹಿಗ್ಗಿ ತೆಳ್ಳಗಾಗುತ್ತದೆ, ಹೊಟ್ಟೆಯ ಕಡೆ 12 ಮಿ.ಮೀ. ಒತ್ತಿಕೊಂಡು ದಪ್ಪವಾಗುತ್ತದೆ. ಎರಡೂ ಕಡೆ ಎಂಟನೇ ಒಂದು ಪಾಲು. ಹಿಗ್ಗಿದ ಬೆನ್ನು ಒಳಕ್ಕೆ ಕುಸಿಯಲು ನೋಡುತ್ತದೆ, ಅದೇ ಚಪ್ಪಟೆ. ಒತ್ತಿಕೊಂಡ ಹೊಟ್ಟೆ ಮಡಿಚಿಕೊಳ್ಳಲು ನೋಡುತ್ತದೆ, ಅದೇ ಸುಕ್ಕು. ಬಗ್ಗಿಸುವ ಸಲಕರಣೆ ಯಾವುದೇ ಆಗಲಿ, ಅದು ಮಾಡುವುದು ಈ ಎರಡನ್ನು ತಡೆಯುವ ಕೆಲಸವನ್ನೇ. ಸ್ಪ್ರಿಂಗ್, ಮರಳು ಒಳಗಿನಿಂದ ತಡೆಯುತ್ತವೆ. ಬೆಂಡರಿನ ತೋಡು ಹೊರಗಿನಿಂದ ಪಕ್ಕೆ ಹಿಡಿದು ಅಗಲವಾಗಲು ಬಿಡುವುದಿಲ್ಲ.

ತ್ರಿಜ್ಯವನ್ನು 30 ಮಿ.ಮೀ.ಗೆ ಇಳಿಸಿದರೆ ಹಿಗ್ಗುವ ಪಾಲು ನಾಲ್ಕನೇ ಒಂದಾಗುತ್ತದೆ. ಕೈಸಲಕರಣೆಯಲ್ಲಿ ಅದು ಆಗದ ಮಾತು. ವ್ಯಾಸದ ನಾಲ್ಕು ಪಟ್ಟು ತ್ರಿಜ್ಯ ಇಟ್ಟುಕೊಂಡರೆ ನೆಮ್ಮದಿ: 15ಕ್ಕೆ 60, 22ಕ್ಕೆ 88.

ಯಾವ ಕೆಲಸಕ್ಕೆ ಯಾವುದು

ಹೊರಗೆ ಹಾಕುವ ಸ್ಪ್ರಿಂಗ್ ಎ.ಸಿ.ಯ ಮೆತ್ತನೆ ಪೈಪಿಗೆ ಸರಿ. ಕಾಲು ಇಂಚಿನಿಂದ ಐದು ಎಂಟಾಂಶದವರೆಗೆ ಕಟ್ಟಾಗಿ ಸಿಗುತ್ತದೆ. ಫ್ಲೇರ್ ಮಾಡುವ ಮೊದಲೇ ಪೈಪಿಗೆ ಏರಿಸಬೇಕು, ಫ್ಲೇರ್ ಆದಮೇಲೆ ಬಾಯಿ ದಾಟುವುದಿಲ್ಲ. ಗೀಜರಿನ ಮೂಲೆಯಲ್ಲಿ ಪೈಪನ್ನು ಸ್ವಲ್ಪ ಓರೆ ಮಾಡಿಕೊಳ್ಳುವ ಕೆಲಸಕ್ಕೆ ಇದು ಸಾಕು, ಅಳತೆಗೆ ಕೂರಬೇಕಾದ ಬೆಂಡಿಗೆ ಬೇಡ. ಬೆಂಡು ಎಲ್ಲಿ ಶುರುವಾಗುತ್ತದೆ ಎಂಬುದು ಕೈಗೆ ಸಿಗುವುದಿಲ್ಲ.

ಒಳಗಿನ ಸ್ಪ್ರಿಂಗ್ 15 ಮಿ.ಮೀ. ಅರೆಗಡಸು ಪೈಪಿನ ಒಂದೆರಡು ಬೆಂಡಿಗೆ ಅಗ್ಗದ, ಒಳ್ಳೆಯ ದಾರಿ. ಗೋಡೆ ಒರಟಾಗಿ ಏರುಪೇರಿದ್ದರೆ, ನಮ್ಮ ಹಳೇ ಮಣ್ಣಿನ ಗೋಡೆಗಳು ಇರುವುದೇ ಹಾಗೆ, ಪೈಪನ್ನು ಗೋಡೆಗೆ ಹಿಡಿದು ಹಿಡಿದು ಹೊಂದಿಸಿಕೊಳ್ಳಲು ಇದರಷ್ಟು ಅನುಕೂಲ ಬೇರೆ ಇಲ್ಲ. ಸ್ಪ್ರಿಂಗಿಗೆ ತೆಳ್ಳಗೆ ಗ್ರೀಸು ಸವರಿ, ಬೆಂಡಿನ ಮಧ್ಯಕ್ಕೆ ಸ್ಪ್ರಿಂಗಿನ ಮಧ್ಯ ಬರುವಂತೆ ತೂರಿಸಿ. ಬೆಂಡು ತುದಿಯಿಂದ ದೂರವಿದ್ದರೆ ಸ್ಪ್ರಿಂಗಿನ ಕುಣಿಕೆಗೆ ಗಟ್ಟಿ ತಂತಿ ಕಟ್ಟಿ, ತಂತಿಯ ಮೇಲೆ ಆಳದ ಗುರುತು ಹಾಕಿ. ಮೊಣಕಾಲಿಗೆ ಪೈಪು ಆನಿಸಿ ಎಳೆಯುವಾಗ ಒಂದೇ ಜಾಗದಲ್ಲಿ ಎಳೆಯಬೇಡಿ. ಪ್ರತಿ ಸಲ ಒಂದಿಷ್ಟು ಜರುಗಿಸಿ ಐದಾರು ಎಳೆತದಲ್ಲಿ ಬೆಂಡು ಕಟ್ಟಿ. ಬೇಕಾದ್ದಕ್ಕಿಂತ ಐದು ಡಿಗ್ರಿ ಹೆಚ್ಚು ಬಗ್ಗಿಸಿ ಹಿಂದಕ್ಕೆ ತನ್ನಿ, ಸ್ಪ್ರಿಂಗ್ ಸಡಿಲವಾಗುತ್ತದೆ. ಹೊರತೆಗೆಯುವಾಗ ಸುರುಳಿ ಬಿಗಿಯಾಗುವ ದಿಕ್ಕಿಗೆ ತಿರುಚುತ್ತಾ ಎಳೆಯಬೇಕು. ಬಿಗಿಯಾದ ಸುರುಳಿ ಸಣ್ಣದಾಗುತ್ತದೆ. ಎದುರು ದಿಕ್ಕಿಗೆ ತಿರುಚಿದರೆ ಸುರುಳಿ ಹಿಗ್ಗಿ ಪೈಪಿಗೆ ಕಚ್ಚಿಕೊಂಡು, ಆ ತುಂಡನ್ನು ಸ್ಪ್ರಿಂಗಿನ ಸಮೇತ ಕತ್ತರಿಸಬೇಕಾಗುತ್ತದೆ. ಆಮೇಲೆ ಪೈಪಿನೊಳಗಿನ ಗ್ರೀಸನ್ನು ಬಟ್ಟೆ ಎಳೆದು ಒರೆಸಿ, ಸೋಪುನೀರಲ್ಲಿ ತೊಳೆಯಿರಿ. ಅದು ಮೈಗೆ, ಬಾಯಿಗೆ ಹೋಗುವ ನೀರು.

ಉದ್ದ ಹಿಡಿಯಿಂದ ಎಳೆದು ಬಗ್ಗಿಸುವ ಲಿವರ್ ಬೆಂಡರ್ ಈ ಕೆಲಸಕ್ಕೆ ಆರಿಸಿಕೊಂಡದ್ದು. ಕಾರಣ ಅಳತೆ. ಟೀ ಒಂದು ಕಡೆ, ಮಿಕ್ಸರ್ ಒಂದು ಕಡೆ ಗಟ್ಟಿಯಾಗಿ ಕೂತಿವೆ, ನಡುವೆ ನಾಲ್ಕು ಬೆಂಡು. ಎರಡು ಮಿ.ಮೀ. ತಪ್ಪಿದರೆ ಜೋಡಣೆಗೆ ಎಳೆತ ಬೀಳುತ್ತದೆ. ಕೊಳ್ಳುವಾಗ ನೋಡಬೇಕಾದ್ದು ಹಿಡಿಯ ಬಣ್ಣವಲ್ಲ. ಚಕ್ರದ ತೋಡಿನಲ್ಲಿ ನಿಮ್ಮ ಪೈಪಿನ ತುಂಡನ್ನೇ ಕೂರಿಸಿ ನೋಡಿ: ಅರ್ಧದಷ್ಟು ಒಳಗೆ ಇಳಿದು, ಅಲ್ಲಾಡಿಸಿದರೆ ಅಲ್ಲಾಡಬಾರದು. ಪೈಪಿನ ಬೆನ್ನಿಗೆ ಕೂರುವ ಉದ್ದನೆಯ ಅಲ್ಯೂಮಿನಿಯಂ ಗೈಡ್ ಜೊತೆಗಿದೆಯೇ ನೋಡಿ. ಹಳೇ ಬೆಂಡರ್ ಕೊಳ್ಳುವಾಗ ಕಳೆದುಹೋಗಿರುವುದು ಸಾಮಾನ್ಯವಾಗಿ ಅದೇ. ಗೈಡ್ ಇಲ್ಲದೆ ರೋಲರ್ ನೇರವಾಗಿ ತಾಮ್ರದ ಮೇಲೆ ಉರುಳಿದರೆ ಬೆನ್ನಿನ ಮೇಲೆ ಉದ್ದಕ್ಕೂ ಚಪ್ಪಟೆ ಪಟ್ಟೆ ಬೀಳುತ್ತದೆ.

ರೋಲರಿನ ಒತ್ತಡ ಹೆಚ್ಚು ಕಡಿಮೆ ಮಾಡುವ ತಿರುಪಿದ್ದರೆ ಅದರ ಭಾಷೆ ಕಲಿಯಬೇಕು. ಒತ್ತಡ ಸಡಿಲವಾದರೆ ಹೊಟ್ಟೆಯ ಕಡೆ ಸಣ್ಣ ಸಣ್ಣ ಅಲೆ ಏಳುತ್ತದೆ. ಹೆಚ್ಚು ಬಿಗಿಯಾದರೆ ಬೆಂಡಿನ ಕುತ್ತಿಗೆಯಲ್ಲಿ ಪೈಪು ಹಿಸುಕಿಕೊಂಡು ಮೊಟ್ಟೆಯಾಕಾರವಾಗುತ್ತದೆ. ಹೊರಗೆ ನೋಡಲು ಅಂದವಾಗಿಯೇ ಇರುತ್ತದೆ, ವರ್ನಿಯರ್ ಇಟ್ಟರೆ ಮಾತ್ರ ಗೊತ್ತಾಗುತ್ತದೆ. ಬೆಂಡಿನ ನಡುವೆ ಬೆನ್ನಿನಿಂದ ಹೊಟ್ಟೆಗೆ 14 ಮಿ.ಮೀ.ಗಿಂತ ಕಡಿಮೆ ಬಂದರೆ ಒತ್ತಡ ಸ್ವಲ್ಪ ಬಿಟ್ಟು ಇನ್ನೊಂದು ತುಂಡಿನಲ್ಲಿ ಪ್ರಯತ್ನ ಮಾಡಿ.

ಎ.ಸಿ. ಕೆಲಸದವರ ಸಣ್ಣ ಬೆಂಡರಿನ ಮೇಲೆ ಎಲ್, ಆರ್ ಎಂಬ ಎರಡು ಅಕ್ಷರ, 0, 45, 90, 180ರ ಗೆರೆ ಇರುತ್ತವೆ. ಅಳತೆ ಎಡತುದಿಯಿಂದ ಹಿಡಿದಿದ್ದರೆ ಗುರುತನ್ನು ಎಲ್‌ಗೆ, ಬಲತುದಿಯಿಂದಾದರೆ ಆರ್‌ಗೆ ಹೊಂದಿಸಬೇಕು. ಸರಿಯಾದ ಗಾತ್ರದ್ದು ಸಿಕ್ಕರೆ ಮೆತ್ತನೆ ಪೈಪಿಗೆ ಅದು ಚೊಕ್ಕಟ ಸಲಕರಣೆ. ಅರೆಗಡಸಿಗೆ ಹಿಡಿ ಗಿಡ್ಡವಾಯಿತು.

28 ಮಿ.ಮೀ. ಮತ್ತು ಅದಕ್ಕಿಂತ ದಪ್ಪನೆಯದನ್ನು ಮನೆಯಲ್ಲಿ ಬಗ್ಗಿಸುವ ಯೋಚನೆ ಬಿಡಿ, ಫಿಟ್ಟಿಂಗ್ ಹಾಕಿ.

15 ಮಿ.ಮೀ. ಲೈನು: ಗುರುತು, ಕತ್ತರಿ, ಬೆಂಡು

ಮೊದಲು ಬೆಂಡರಿನ ತ್ರಿಜ್ಯ ಅಳೆಯಬೇಕು. ಚಕ್ರದ ತೋಡಿನ ತಳದಿಂದ ಎದುರು ತಳಕ್ಕಿರುವ ವ್ಯಾಸಕ್ಕೆ ಪೈಪಿನ ಹೊರವ್ಯಾಸ ಕೂಡಿಸಿ ಅರ್ಧ ಮಾಡಿ. ಇಲ್ಲಿ 105 ಕೂಡಿಸು 15, ಅರ್ಧ 60. ಚಕ್ರ ಪೂರ್ತಿ ಉರುಟಾಗಿರದೆ ಅರ್ಧಚಂದ್ರವಾಗಿದ್ದರೆ ತೋಡಿನ ತಳದವರೆಗಿನ ತ್ರಿಜ್ಯಕ್ಕೆ ಏಳೂವರೆ ಕೂಡಿಸಿದರಾಯಿತು.

ಇನ್ನು ಲೆಕ್ಕ. ಮೂಲೆಯ ಮೂಲಕ ಹೋದರೆ 60 ಮತ್ತು 60, ಒಟ್ಟು 120 ಮಿ.ಮೀ. ಬೆಂಡಿನ ಮೇಲೆ ಹೋದರೆ 94. ಒಂದೊಂದು 90 ಡಿಗ್ರಿ ಬೆಂಡಿಗೂ 26 ಮಿ.ಮೀ. ಪೈಪು ಉಳಿಯುತ್ತದೆ. ಇದನ್ನು ಕಳೆಯದೆ ಕತ್ತರಿಸಿದರೆ ಲೈನು ಅಷ್ಟು ಉದ್ದವಾಗಿ ಗೋಡೆಗೆ ಗುದ್ದುತ್ತದೆ.

ಕಂಬದ ಬಳಿ 65 ಮಿ.ಮೀ. ಮುಂದೆ ತರಬೇಕು. 45 ಡಿಗ್ರಿಯಲ್ಲಿ ತಂದರೆ ಓರೆಯ ಉದ್ದ 92 ಮಿ.ಮೀ., ಅದರಲ್ಲಿ ಎರಡು ಬೆಂಡು 50 ಮಿ.ಮೀ. ತಿಂದು ನಡುವೆ ನೇರವಾಗಿ ಉಳಿಯುವುದು 42 ಮಾತ್ರ. ಬೆಂಡರಿನ ಕೊಕ್ಕೆ ನೇರ ಜಾಗದ ಮೇಲೆಯೇ ಹಿಡಿಯಬೇಕು, 42 ಇಕ್ಕಟ್ಟು. 30 ಡಿಗ್ರಿಯಲ್ಲಿ ಓರೆ 130 ಮಿ.ಮೀ. ಆಗುತ್ತದೆ, ನಡುವೆ 98 ನೇರ ಉಳಿಯುತ್ತದೆ, ನೀರಿಗೂ ಹಿತ. ಲೆಕ್ಕ ನೆನಪಿಡುವುದೂ ಸುಲಭ: 30 ಡಿಗ್ರಿಗೆ ಓರೆಯ ಉದ್ದ ಎಷ್ಟು ಜರುಗಬೇಕೋ ಅದರ ಎರಡು ಪಟ್ಟು. ಈ ಓರೆಯಿಂದ ಪೈಪು 17 ಮಿ.ಮೀ. ಹೆಚ್ಚು ಬೇಕಾಗುತ್ತದೆ. ಕಂಬ ದಾಟಿದ ಮೇಲೆ ಲೈನು ಮತ್ತೆ ಗೋಡೆಗೆ ಮರಳಬೇಕಿಲ್ಲ, ಮಿಕ್ಸರ್ ಇರುವುದು ಕಂಬದ ಸಮಕ್ಕೇ.

ಎಲ್ಲ ಅಳತೆಯೂ ನಡುಗೆರೆಯಿಂದ ನಡುಗೆರೆಗೆ. ಮೊದಲ ತುಂಡು: ಟೀಯಿಂದ ಮೂಲೆಗೆ 400, ಮೂಲೆಯಿಂದ ಕಪ್ಲಿಂಗಿಗೆ 1800, ಕಳೆ 26, ಆಯಿತು 2174. ಎರಡನೇ ತುಂಡು: 900, ಕೂಡು 17, ಕೂಡು 700, ಕಳೆ 26, ಆಯಿತು 1591. ಎರಡಕ್ಕೂ ತುದಿಗೆ 50ರಂತೆ 100 ಹೆಚ್ಚು ಬಿಟ್ಟು 2274, 1691ಕ್ಕೆ ಕತ್ತರಿಸಿದ್ದಾಯಿತು. ಹೆಚ್ಚು ಬಿಟ್ಟದ್ದನ್ನು ಬಗ್ಗಿಸಿದ ಮೇಲೆ, ಫಿಟ್ಟಿಂಗ್ ಒಳಗೆ ಹೋಗುವ ಉದ್ದ ಉಳಿಸಿಕೊಂಡು ತೆಗೆಯಬೇಕು. ಇದರಲ್ಲಿ ಇನ್ನೊಂದು ಲಾಭವಿದೆ: ಬೆಂಡರ್ ಹಿಡಿದು ಗೀರಾದ ತುದಿ ಹೋಗುತ್ತದೆ.

ಕತ್ತರಿಸಲು ಚಕ್ರದ ಕಟ್ಟರ್. ಆಕ್ಸಾ ಬ್ಲೇಡಾದರೆ ಇಂಚಿಗೆ 32 ಹಲ್ಲಿನದು, ಆಮೇಲೆ ಅರ ಹಾಕಿ ತುದಿ ಚೌಕ ಮಾಡಬೇಕು. ಕಟ್ಟರನ್ನು ಒಂದೇ ಸಲ ಬಿಗಿ ಮಾಡಿದರೆ ಬಾಯಿ ಒಳಕ್ಕೆ ಮಡಿಚುತ್ತದೆ, ಪ್ರತಿ ಸುತ್ತು ಬಂದಾಗ ತಿರುಪಿಗೆ ಕಾಲು ತಿರುವು ಸಾಕು.

ಉಳಿದ 726 ಮಿ.ಮೀ. ತುಂಡಿನಿಂದ 300 ಮಿ.ಮೀ. ತೆಗೆದು ಪರೀಕ್ಷೆಯ ಬೆಂಡು. ತುದಿಯಿಂದ 150ಕ್ಕೆ ಪೆನ್ಸಿಲ್ ಗುರುತು. ಮೊಳೆಯಿಂದ ಗೀರಬೇಡಿ, ಹಿಗ್ಗುವ ಬೆನ್ನಿನ ಮೇಲೆ ಗೀರು ಬಂದರೆ ಸೀಳು ಅಲ್ಲಿಂದಲೇ ಶುರು. ಗುರುತನ್ನು ಬೆಂಡರಿನ 0 ಗೆರೆಗೆ ಇಟ್ಟು 90ಕ್ಕೆ ಬಗ್ಗಿಸಿದರೆ, ಗುರುತಿನಿಂದ ಎದುರು ಕಾಲಿನ ನಡುಗೆರೆಗೆ 60, ಅದರ ಬೆನ್ನಿಗೆ 67.5 ಬರಬೇಕು. ಬೇರೆ ಬಂದರೆ ಆ ಬೆಂಡರಿನ 0 ಗೆರೆ ಎಷ್ಟು ಆಚೀಚೆ ಇದೆ ಎಂದು ಗೊತ್ತಾಯಿತು. ಆ ಸಂಖ್ಯೆಯನ್ನು ಬೆಂಡರಿನ ಹಿಡಿಯ ಮೇಲೆಯೇ ಪೇಂಟಿನಲ್ಲಿ ಬರೆದಿಡಿ. ಕೋನವನ್ನು ಮೂಲೆಮಟ್ಟ ಇಟ್ಟು ನೋಡಿ. ಅರೆಗಡಸು ತಾಮ್ರ ಕೈಬಿಟ್ಟಾಗ ಎರಡು ಮೂರು ಡಿಗ್ರಿ ಹಿಂದಕ್ಕೆ ಬರುತ್ತದೆ, ಅಷ್ಟು ಹೆಚ್ಚು ಬಗ್ಗಿಸಿ ನಿಲ್ಲಿಸಬೇಕು.

ಮೊದಲ ತುಂಡಿನ ಗುರುತು ಟೀ ಕಡೆಯ ತುದಿಯಿಂದ 50 ಕೂಡಿಸು 400, ಕಳೆ 60: 390ಕ್ಕೆ. ಎರಡನೆಯದರಲ್ಲಿ ಮೂರು ಬೆಂಡು. ಮೊದಲು 30 ಡಿಗ್ರಿಯ ಜೋಡಿ, ಕೊನೆಗೆ ಕೆಳಗಿಳಿಯುವ 90. ಜೋಡಿ ಮಾಡುವಾಗ ಎರಡನೇ ಬೆಂಡು ಮೊದಲನೆಯದರ ಸಮತಲದಲ್ಲೇ ಬರಬೇಕು. ಪೈಪು ಕೈಯಲ್ಲಿ ಒಂದಿಷ್ಟು ಉರುಳಿದರೂ ಕಾಲುಗಳು ಕತ್ತರಿಯಂತೆ ಓರೆಯಾಗುತ್ತವೆ. ಪೈಪಿನ ಬೆನ್ನಿಗುಂಟ ಪೆನ್ಸಿಲ್ಲಿನಲ್ಲಿ ಉದ್ದ ಗೆರೆ ಎಳೆದಿಟ್ಟು, ಎರಡನೇ ಬೆಂಡಿನಲ್ಲಿ ಆ ಗೆರೆ ತಲೆಕೆಳಗಾಗಿ ಸರಿಯಾಗಿ ತೋಡಿನ ನಡುವೆ ಕೂತಿದೆಯೇ ನೋಡಿ. ಆದಮೇಲೆ ಸಮನಾದ ನೆಲದ ಮೇಲಿಟ್ಟರೆ ಪೈಪು ಅಲ್ಲಾಡದೆ ಮಲಗಬೇಕು.

ಸುಕ್ಕು ಬಿದ್ದರೆ, ಮಡಿಚಿದರೆ ತಟ್ಟಿ ಸರಿಮಾಡಲು ಹೋಗಬೇಡಿ. ಬಗ್ಗಿದ ತಾಮ್ರ ಆ ಜಾಗದಲ್ಲಿ ಗಡಸಾಗಿರುತ್ತದೆ, ಮತ್ತೆ ನೇರ ಮಾಡಿ ಮತ್ತೆ ಬಗ್ಗಿಸಿದರೆ ಕಣ್ಣಿಗೆ ಕಾಣದ ಸೀಳು ಬಿಟ್ಟು ಮುಂದೊಂದು ದಿನ ಕುದಿನೀರು ಚಿಮ್ಮುತ್ತದೆ. ತುಂಡು ಬದಲಿಸಿ. ತಾಮ್ರದ ತುಂಡಿಗೆ ಗುಜರಿಯಲ್ಲಿ ಬೆಲೆ ಇದ್ದೇ ಇದೆ.

ವೆಂಟಿನ ಕೊಕ್ಕೆ: ಕಾಯಿಸಿ, ಮರಳು ತುಂಬಿ

ವೆಂಟ್ ಪೈಪು ಇಲ್ಲದ ಸೌದೆ ಬಾಯ್ಲರ್ ಬಾಂಬು. ಅದು 22 ಮಿ.ಮೀ.ಗಿಂತ ಸಣ್ಣದಿರಬಾರದು, ಅದರ ಮೇಲೆ ಎಲ್ಲೂ ವಾಲ್ವ್ ಇರಬಾರದು, ತುದಿಯ ಕೊಕ್ಕೆ ಬಿಟ್ಟು ಎಲ್ಲೂ ಇಳಿಜಾರಾಗಬಾರದು, ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ ಹೋಗಿರಬೇಕು. ಇಲ್ಲಿ 450 ಮಿ.ಮೀ. ಮೇಲೆ ನಿಲ್ಲಿಸಿದೆ. ತುದಿ ಮೇಲ್ಮುಖವಾಗಿ ಬಿಟ್ಟರೆ ಮಲೆನಾಡಿನ ಮಳೆಗೆ ಎಲೆ, ಹುಳು, ನೀರು ಎಲ್ಲ ಬಾಯ್ಲರಿಗೇ. ಅದಕ್ಕೇ ಕೊಕ್ಕೆಯ ಹಾಗೆ ಕೆಳಮುಖ. ಕೊಕ್ಕೆಯ ಬಾಯಿ ಜನ ಓಡಾಡುವ ಕಡೆ ಬೇಡ, ಕುದಿದಾಗ ಅಲ್ಲಿಂದ ಬಿಸಿನೀರು ಉಗುಳುತ್ತದೆ.

ಒಂದೇ ಒಂದು 22 ಮಿ.ಮೀ. ಬೆಂಡಿಗಾಗಿ ದೊಡ್ಡ ಬೆಂಡರ್ ಕೊಳ್ಳುವುದು ವ್ಯರ್ಥ. ಹಲಸಿನ ಹಲಗೆಯಲ್ಲಿ ಒಂದು ಚಕ್ರ ಮಾಡಿಸಿದರೆ ಸಾಕು. ದಪ್ಪ ಒಂದೂವರೆ ಇಂಚು, ಅಂಚಿಗೆ ಪೈಪು ಅರ್ಧ ಕೂರುವಷ್ಟು ಉರುಟು ತೋಡು, ತೋಡಿನ ತಳದಲ್ಲಿ ವ್ಯಾಸ 154 ಮಿ.ಮೀ. ಅದಕ್ಕೆ ಪೈಪಿನ 22 ಕೂಡಿ ಅರ್ಧ ಮಾಡಿದರೆ 88. ಚಕ್ರವನ್ನು ಬೆಂಚಿಗೆ ಎರಡು ಬೋಲ್ಟಿನಿಂದ ಬಿಗಿದು, ಪೈಪಿನ ತುದಿ ಹಿಡಿಯಲು ಪಕ್ಕದಲ್ಲಿ ಒಂದು ಮರದ ತಡೆ ಹೊಡೆಯಬೇಕು.

180 ಡಿಗ್ರಿಗೆ ಬಗ್ಗುವ ಉದ್ದ 276 ಮಿ.ಮೀ. ಎರಡೂ ಕಡೆ ಸ್ವಲ್ಪ ಸೇರಿಸಿ 350 ಮಿ.ಮೀ.ಯನ್ನು ಗ್ಯಾಸ್ ಟಾರ್ಚಿನಲ್ಲಿ ಕಾಯಿಸಬೇಕು. ನೆರಳಲ್ಲಿ ಮಾಡಿ, ಬಿಸಿಲಲ್ಲಿ ಬಣ್ಣ ತಿಳಿಯುವುದಿಲ್ಲ. ಮಂಕು ಕೆಂಪು ಕಂಡ ಕೂಡಲೇ ಜ್ವಾಲೆ ಮುಂದಕ್ಕೆ ಸರಿಸಿ. ಕಿತ್ತಳೆಗೆ ಏರಿಸಿದರೆ ತಾಮ್ರದ ಕಣ ದೊಡ್ಡದಾಗಿ ಬೆನ್ನು ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ. ಆಮೇಲೆ ನೀರಿಗೆ ಅದ್ದಿದರೂ ಸರಿ, ಹಾಗೇ ಆರಲು ಬಿಟ್ಟರೂ ಸರಿ. ಉಕ್ಕಿನ ಹಾಗೆ ತಾಮ್ರ ನೀರಿಗೆ ಅದ್ದಿದರೆ ಗಡಸಾಗುವುದಿಲ್ಲ. ಅದ್ದಿದರೆ ಕಪ್ಪು ಪೊರೆ ಉದುರುವ ಅನುಕೂಲ ಬೇರೆ.

ಪೈಪು ತಣ್ಣಗಾಗಿ ಒಣಗಿದ ಮೇಲೆ ಮರಳು. ನಯವಾದ ಹೊಳೆಮರಳೇ ಬೇಕು. ಎಂ-ಸ್ಯಾಂಡಿನ ಕಣಗಳು ಚೂಪು, ಒಳಮೈಯಲ್ಲಿ ಅಚ್ಚು ಒತ್ತುತ್ತವೆ. ಸಣ್ಣ ಜರಡಿ ಹಿಡಿದು, ಬಾಣಲೆಯಲ್ಲಿ ಹಬೆ ಏಳುವುದು ನಿಲ್ಲುವವರೆಗೆ ಹುರಿದು ಆರಿಸಿ. ಮಳೆಗಾಲದಲ್ಲಿ ಒಣಗಿದಂತೆ ಕಾಣುವ ಮರಳಿನಲ್ಲೂ ತೇವ ಇರುತ್ತದೆ. ತೇವದ ಮರಳು ನಡುವೆ ಟೊಳ್ಳು ಬಿಟ್ಟು ಕೂರುತ್ತದೆ. ಮರಳು ತುಂಬಿದ, ಎರಡೂ ತುದಿ ಮುಚ್ಚಿದ ಪೈಪನ್ನು ಮಾತ್ರ ಯಾವ ಕಾರಣಕ್ಕೂ ಕಾಯಿಸಬೇಡಿ. ಒಳಗಿನ ತೇವ ಹಬೆಯಾಗಿ ಬಿರಡೆಯನ್ನು ಗುಂಡಿನಂತೆ ಹಾರಿಸುತ್ತದೆ.

ಒಂದು ತುದಿಗೆ ಮರದ ಬಿರಡೆ ಬಡಿದು, ಪೈಪು ನೆಟ್ಟಗೆ ನಿಲ್ಲಿಸಿ, ಮರಳು ಸುರಿಯುತ್ತಾ ಮರದ ಕೊಡತಿಯಲ್ಲಿ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಹೋಗಬೇಕು. ಮೀಟರಿಗೆ ಮೂರನೇ ಒಂದು ಲೀಟರ್ ಮರಳು ಹಿಡಿಯುತ್ತದೆ. ತಟ್ಟಿದಂತೆ ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಐದು ನಿಮಿಷ ತಟ್ಟಿದರೂ ಇಳಿಯದಿದ್ದಾಗ ಮೇಲಿನ ಬಿರಡೆ. ಈ ಐದು ನಿಮಿಷ ಉಳಿಸಲು ಹೋದವರ ಪೈಪೇ ಮಡಿಚುವುದು. ಚಕ್ರದ ಸುತ್ತ ಎಳೆಯುವಾಗ ನಿಧಾನ, ತಡೆಯದೆ, ಒಂದೇ ಓಟದಲ್ಲಿ. ಬೆನ್ನಿನ ಕಡೆ ತಾಮ್ರ 35 ಮಿ.ಮೀ. ಹಿಗ್ಗಬೇಕು. ಝಟ್ಟನೆ ಎಳೆದರೆ ಆ ಹಿಗ್ಗು ಒಂದೇ ಜಾಗದಲ್ಲಿ ಬೀಳುತ್ತದೆ.

ಮರಳು ತೆಗೆದು, ನೀರು ಹಾಯಿಸಿ, ಬಟ್ಟೆ ಎಳೆದು, ಮತ್ತೆ ನೀರು ಹಾಯಿಸಬೇಕು. ಉಳಿದ ಒಂದು ಕಣ ಬಾಯ್ಲರಿಗೆ ಬಿದ್ದು ಅಲ್ಲಿಂದ ಮಿಕ್ಸರಿಗೆ ಬಂದರೆ ಒಳಗಿನ ಸೆರಾಮಿಕ್ ಬಿಲ್ಲೆ ಗೀರಿ ನಲ್ಲಿ ಸದಾ ತೊಟ್ಟಿಕ್ಕುತ್ತದೆ.

ಜೋಡಣೆ

ಬಾಯ್ಲರ್‌ನಿಂದ ಮೊದಲ ಒಂದು ಮೀಟರಿನಲ್ಲಿ ಬೆಸುಗೆ ಬೇಡ, ಕಂಪ್ರೆಷನ್ ಫಿಟ್ಟಿಂಗ್ ಇರಲಿ. ತವರದ ಬೆಸುಗೆ 227 ಡಿಗ್ರಿಯ ಆಸುಪಾಸಿನಲ್ಲೇ ಕರಗಲು ಶುರುವಾಗುತ್ತದೆ. ಟ್ಯಾಂಕು ಖಾಲಿಯಿದ್ದಾಗ ಯಾರಾದರೂ ಒಲೆ ಹಚ್ಚಿದರೆ ಜೋಡಣೆ ಬಿಚ್ಚಿಕೊಳ್ಳುತ್ತದೆ. ಕಂಪ್ರೆಷನ್ನಿನ ಉಂಗುರ ಕೂರುವ ಜಾಗ ಉರುಟಾಗಿ, ನೇರವಾಗಿ ಇರಬೇಕು. ಬೆಂಡು ತುದಿಯಿಂದ 50 ಮಿ.ಮೀ. ಒಳಗೆ ಶುರುವಾಗಿದ್ದರೆ ಪೈಪು ಅಲ್ಲಿ ಸ್ವಲ್ಪ ಮೊಟ್ಟೆಯಾಕಾರ, ಉಂಗುರ ಎಷ್ಟು ಬಿಗಿದರೂ ಒಸರುತ್ತದೆ. ಕೈಬಿಗಿ ಆದಮೇಲೆ ಸ್ಪ್ಯಾನರಿನಲ್ಲಿ ಮುಕ್ಕಾಲರಿಂದ ಒಂದು ಸುತ್ತು, ಅಷ್ಟೇ.

ಬಾಯ್ಲರ್ ಗೋಡೆಯ ಆಚೆ ದನದ ಕೊಟ್ಟಿಗೆ ಇದ್ದರೆ ಹಿತ್ತಾಳೆ ಫಿಟ್ಟಿಂಗುಗಳನ್ನು ಆ ಕಡೆ ಬಿಡಬೇಡಿ. ಗಂಜಲದಿಂದ ಏಳುವ ಅಮೋನಿಯಾ, ಬಿಗಿದು ಎಳೆತದಲ್ಲಿರುವ ಹಿತ್ತಾಳೆಯನ್ನು ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ಹಿತ್ತಾಳೆ ತೋಟಾಗಳು ತಾವಾಗಿ ಬಿರಿಯುತ್ತಿದ್ದವು. ಕಾರಣ ಅಮೋನಿಯಾ ಎಂದು ವಿವರಣೆ ಸಿಕ್ಕಿದ್ದು 1921ರಲ್ಲಿ. ಕೊಟ್ಟಿಗೆ, ಬಚ್ಚಲು ಅಕ್ಕಪಕ್ಕ ಇರುವ ನಮ್ಮ ಮನೆಗಳಲ್ಲಿ ಇದು ಇವತ್ತಿಗೂ ಆಗುವ ಮಾತು.

ನೀರಿನದೂ ಒಂದು ಪರೀಕ್ಷೆ. ಗುಡ್ಡದ ಝರಿ, ತೋಟದ ಬಾವಿಯ ನೀರು ಮೆದುವಾಗಿ ಹುಳಿಯ ಕಡೆ ವಾಲಿರಬಹುದು. ಪಿಎಚ್ 6.5ಕ್ಕಿಂತ ಕೆಳಗಿದ್ದರೆ ತಾಮ್ರ ಕರಗುತ್ತದೆ, ಬಚ್ಚಲ ಕಲ್ಲಿನ ಮೇಲೆ ಹಸಿರು ನೀಲಿ ಕಲೆ ಕಟ್ಟುತ್ತದೆ. ಹಾಗಿದ್ದರೆ ಆ ಲೈನು ಸ್ನಾನಕ್ಕಷ್ಟೇ ಇರಲಿ. ತಾಮ್ರ ದಾಟಿ ಬಂದ ನೀರನ್ನು ಮತ್ತೆ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಹಾಯಿಸಬಾರದು. ಕರಗಿದ ತಾಮ್ರ ಸತುವಿನ ಮೇಲೆ ಕೂತು ಚುಕ್ಕಿ ಚುಕ್ಕಿಯಾಗಿ ತೂತು ಕೊರೆಯುತ್ತದೆ. ಜಿ.ಐ. ಮೊದಲು, ತಾಮ್ರ ಆಮೇಲೆ ಆದರೆ ತೊಂದರೆ ಇಲ್ಲ.

ಟೀಯಿಂದ ಮಿಕ್ಸರ್ ಕಡೆಗೆ ಮೀಟರಿಗೆ 10 ಮಿ.ಮೀ. ಇಳಿಜಾರು ಕೊಟ್ಟಿದೆ, ಲೈನಿನಲ್ಲಿ ಸಿಕ್ಕ ಗಾಳಿ ಹಿಂದಕ್ಕೆ ವೆಂಟಿಗೇ ಏರಿಹೋಗಲಿ ಎಂದು. ಗೋಡೆ ದಾಟುವಲ್ಲಿ ಪೈಪಿಗೆ 22ರ ತುಂಡನ್ನೇ ತೋಳಾಗಿ ಹಾಕಿ, ಸುತ್ತ ಗಾರೆ ಮೆತ್ತಿದರೂ ಪೈಪು ಒಳಗೆ ಜರುಗುವಂತಿದೆ. ಕ್ಲಿಪ್ಪುಗಳು 15ರ ಅಡ್ಡ ಲೈನಿಗೆ 1.2 ಮೀಟರಿಗೊಂದು, ನೆಟ್ಟ ಲೈನಿಗೆ 1.8ಕ್ಕೊಂದು. ಬೆಂಡಿನಿಂದ 300 ಮಿ.ಮೀ. ಒಳಗೆ ಯಾವ ಕ್ಲಿಪ್ಪೂ ಇಲ್ಲ.

ನೀರು ತುಂಬಿಸಿ ತಣ್ಣಗಿರುವಾಗ ಪ್ರತಿ ಜೋಡಣೆಗೂ ಒಣ ಕಾಗದ ಸುತ್ತಿ ಅರ್ಧ ಗಂಟೆ ಬಿಟ್ಟು ನೋಡಿದ್ದು. ಆಮೇಲೆ ಸಣ್ಣ ಉರಿ, ಆಮೇಲೆ ದೊಡ್ಡ ಉರಿ. ವೆಂಟಿನ ಕೊಕ್ಕೆಯಿಂದ ಹಬೆ ಬರತೊಡಗಿದಾಗ ಗೋಡೆಯ ಮೇಲಿನ ಪೈಪಿಗೆ ಮೊದಲೇ ಹಾಕಿದ್ದ ಪೆನ್ಸಿಲ್ ಗುರುತು ಮೂರು ಮಿ.ಮೀ. ಜರುಗಿತ್ತು. ಬೆಂಕಿ ಆರಿ ತಣ್ಣಗಾದ ಮೇಲೆ ಗುರುತು ಮತ್ತೆ ತನ್ನ ಜಾಗಕ್ಕೆ ಬಂತು, ಕಾಗದಗಳು ಒಣಗಿದ್ದವು.